ಸಂಗಮನಾಳದ ಕಡಲು

ತೀರ್ಪು ಬಂದ ದಿನ ಸಂಗಮನಾಳದ ಬಾಲನ್ಯಾಯ ಮಂಡಳಿಯ ಕೋಣೆಯಲ್ಲಿ ಫ್ಯಾನು ಕೆಟ್ಟಿತ್ತು. ಮ್ಯಾಜಿಸ್ಟ್ರೇಟ್ ನೀಲಗಂಗಾ ಅಂಗಡಿಯವರು ಮೇಜಿನ ಮೇಲಿನ ಪರದೆಯನ್ನು ಓದಿದರು, ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡು ಮತ್ತೆ ಓದಿದರು. ಪಕ್ಕದಲ್ಲಿ ಕೂತಿದ್ದ ಮಂಡಳಿಯ ಸದಸ್ಯ ದಾದಾಪೀರ ನದಾಫರು ಕತ್ತು ಚಾಚಿ ತಾವೂ ಓದಿದರು. ಅವರು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರರಾಗಿದ್ದು ನಿವೃತ್ತರಾದವರು, ಸೀಟಿ ಇನ್ನೂ ಕೊರಳಲ್ಲೇ ಇರುತ್ತಿತ್ತು.

“ಗಟ್ಟಿಯಾಗಿ ಓದ್ರಿ ಮೇಡಂ,” ಎಂದರು ದಾದಾಪೀರ. “ಹಂಗ ಓದಬೇಕಂತ ಕಾಯ್ದೆದಾಗ ಐತಿ.”

ನೀಲಗಂಗಾ ಓದಿದರು: “ಮಕ್ಕಳಿಬ್ಬರೂ ತಾವು ವಾಸಿಸುವ ತಾಲೂಕಿನೊಳಗಿನ ಕಡಲತೀರವನ್ನು, ಅದು ಪೂರ್ಣ ಸ್ವಚ್ಛವಾಗುವವರೆಗೆ, ವಾರವಾರವೂ ಶುಚಿಗೊಳಿಸತಕ್ಕದ್ದು. ದೀಪಾವಳಿಯೊಳಗೆ ಕೆಲಸ ಮುಗಿಯದಿದ್ದಲ್ಲಿ ಅವರನ್ನು ಹದಿನೆಂಟು ವರ್ಷ ತುಂಬುವವರೆಗೆ ಸರ್ಕಾರಿ ಪಾಲನಾಗೃಹಕ್ಕೆ ಒಪ್ಪಿಸತಕ್ಕದ್ದು.”

ಸಂಗಮನಾಳದಿಂದ ಕಡಲು ನೋಡಬೇಕೆಂದರೆ ಸಂಜೆ ಬಸ್ಸು ಹತ್ತಿ ಮರುದಿನ ಬೆಳಗ್ಗೆ ಇಳಿಯಬೇಕು. ಊರಿನ ಅರ್ಧ ಜನ ಅದನ್ನು ಸಿನಿಮಾದಲ್ಲಿ ಮಾತ್ರ ನೋಡಿದ್ದರು.

ಬೆಂಚಿನ ಮೇಲೆ ಕೂತಿದ್ದ ಮಾದೇವಿ ಬಡಿಗೇರ ಕೈ ಎತ್ತಿದಳು. “ಮೇಡಂ, ನಮ್ಮ ತಾಲೂಕಿನ್ಯಾಗ ಕಡಲು ಎಲ್ಲೈತ್ರಿ?”

“ಅದನ್ನ ನಾನೂ ವಿಚಾರ ಮಾಡಾಕತ್ತೀನವ್ವಾ,” ಎಂದರು ನೀಲಗಂಗಾ.

ಮಾದೇವಿಗೆ ಹದಿನಾರು ವರ್ಷ. ಪಿ.ಯು. ಕಾಲೇಜಿನಲ್ಲಿ ಡ್ರೋನ್ ಹಾರಿಸುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅವಳ ಪಕ್ಕದಲ್ಲಿ ಮುಖ ಊದಿಸಿಕೊಂಡು ಕೂತಿದ್ದವನು ಅವಳ ಸಹಪಾಠಿ ಅಭಿಲಾಷ ಕೋರಿ, ಪುರಸಭೆ ಅಧ್ಯಕ್ಷ ಶಿವಯೋಗಪ್ಪ ಕೋರಿಯವರ ಒಬ್ಬನೇ ಮಗ. ಇವರಿಬ್ಬರೂ ಸೇರಿ ಮಾಡಿದ ಕೆಲಸ ಊರಿಗೆಲ್ಲ ಗೊತ್ತಿತ್ತು. ಆ ವರ್ಷ ನೀರು ಉಳಿಸಬೇಕೆಂದು ಪುರಸಭೆ ಹೋಳಿಯ ಬಣ್ಣದಾಟವನ್ನು ರದ್ದು ಮಾಡಿತ್ತು. ಆಮೇಲೆ ಹೊಸ ಬಸ್ ನಿಲ್ದಾಣದ ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆಂದು ಅದೇ ಪುರಸಭೆ ರಸ್ತೆಗೆಲ್ಲ ಟ್ಯಾಂಕರಿನಿಂದ ನೀರು ಹೊಡೆಸಿತು. ಅಭಿಲಾಷ ಅಪ್ಪನ ಕಪಾಟಿನಿಂದ ಸೊಳ್ಳೆ ಔಷಧಿ ಸಿಂಪಡಿಸುವ ಡ್ರೋನಿನ ಕೀಲಿ ತಂದ, ಮಾದೇವಿ ಅದರ ಟಾಕಿಗೆ ಉಳಿದಿದ್ದ ಗುಲಾಬಿ ಬಣ್ಣ ತುಂಬಿದಳು. ಮಂತ್ರಿಗಳು ರಿಬ್ಬನ್ ಕತ್ತರಿಸುವಾಗ ವೇದಿಕೆ ಪೂರ್ತಿ ಗುಲಾಬಿಯಾಯಿತು.

ಜನ ಮೊದಲು ನಕ್ಕರು, ಆಮೇಲೆ ಓಡಿದರು. ಆ ನೂಕುನುಗ್ಗಲಿನಲ್ಲಿ ಚುರುಮುರಿಯ ಗಿರ್ಮಿಟ್, ಬಿಸಿ ಮಿರ್ಚಿ ಮಾರುವ ಯಮನೂರಪ್ಪನ ಗಾಡಿ ಮಗುಚಿ, ಅವನ ಬಲಗೈಯ ಮಣಿಕಟ್ಟು ಮುರಿಯಿತು. ಕಾದ ಎಣ್ಣೆ ಇನ್ನೊಂದು ಕಡೆ ಚೆಲ್ಲಿದ್ದು ಪುಣ್ಯ.

ಹಿಂದೆ ಆಗಿದ್ದರೆ ಇಂಥ ಪ್ರಕರಣಕ್ಕೆ ಏನು ಮಾಡಬೇಕೆಂದು ಊರಿನ ಮಂಡಳಿಯೇ ತೀರ್ಮಾನಿಸುತ್ತಿತ್ತು. ಹಾಗೆ ತೀರ್ಮಾನಿಸಿದ್ದರ ಫಲ ನೀಲಗಂಗಾ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಸಂಗಮನಾಳಕ್ಕೆ ವರ್ಗವಾಗಿ ಬಂದಾಗ, ಕಾರು ಗುದ್ದಿಸಿ ಒಬ್ಬನ ಕಾಲು ಮುರಿದ ಮರಳಿನ ವ್ಯಾಪಾರಿಯ ಮಗನಿಗೆ ಹಳೆಯ ಮಂಡಳಿ ಬುದ್ಧಿಮಾತು ಹೇಳಿ ಮನೆಗೆ ಕಳಿಸಿತ್ತು. ಮೊಬೈಲ್ ಕದ್ದ ಕುರಿಗಾರರ ಹುಡುಗನನ್ನು ಪಾಲನಾಗೃಹಕ್ಕೆ ಅಟ್ಟಿತ್ತು. ಆ ಹುಡುಗ ತಿರುಗಿ ಬಂದಮೇಲೆ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. ಅದನ್ನು ನೋಡಿಯೇ ನೀಲಗಂಗಾ ತಾವಾಗಿ ಹೋಗಿ ಶಾಸನಸಭೆಯ ಸಮಿತಿಯ ಮುಂದೆ ಸಾಕ್ಷಿ ಹೇಳಿದ್ದರು: ಊರಿನವರ ಕೈಯಿಂದ ಈ ಅಧಿಕಾರ ತೆಗೆದುಬಿಡಿ ಎಂದು. ‘ಬಾಲಾಪರಾಧ ಏಕರೂಪ ತೀರ್ಪು ಕಾಯ್ದೆ’ ಹುಟ್ಟಿದ್ದು ಹಾಗೆ. ಈಗ ತೀರ್ಪು ಕೊಡುವುದು ಮೈಸೂರಿನಲ್ಲಿರುವ ‘ಸಮದರ್ಶಿ’ ಎಂಬ ಯಂತ್ರ. ಮಂಡಳಿ ಅದನ್ನು ಓದಿ ಹೇಳಬೇಕು, ಜಾರಿ ಮಾಡಬೇಕು. ಒಂದಕ್ಷರ ಬದಲಿಸುವಂತಿಲ್ಲ.

ಮಾದೇವಿಯ ತಾಯಿ ಕಸ್ತೂರೆವ್ವ ಮನೆಯಲ್ಲಿ ಮರ ಕಡೆಯುವ ಲೇತು ಯಂತ್ರ ಇಟ್ಟುಕೊಂಡು ಲಟ್ಟಣಿಗೆ, ಆಟಿಕೆ ಮಾಡುವವಳು. ಮಗಳು ಬಂದು ತೀರ್ಪು ಹೇಳಿದಾಗ ಅವಳು ಯಂತ್ರ ನಿಲ್ಲಿಸಿ ಮೈಮೇಲಿನ ಮರದ ಪುಡಿ ಝಾಡಿಸಿಕೊಂಡಳು.

“ಕಡಲು ನಮ್ಮ ತಾಲೂಕಿನ್ಯಾಗ ಇಲ್ಲ. ಹೌದಿಲ್ಲೋ?”

“ಇಲ್ಲವ್ವಾ.”

“ಇಲ್ಲದ್ದು ಹೊಲಸು ಹೆಂಗ ಆಗತೈತಿ? ಇಲ್ಲದ್ದು ಯಾವಾಗಲೂ ಸ್ವಚ್ಛನ ಇರತೈತಿ. ಕೆಲಸ ಮುಗೀತಂತ ಬರದು ಕಳಸ್ರಿ ಅಂತ ಹೇಳು ಮೇಡಮ್ಮಗ.”

ಮಾದೇವಿಗೆ ಇದು ಒಳ್ಳೆಯ ವಕೀಲರ ಮಾತಿನಂತೆ ಕೇಳಿತು. ಆದರೆ ಕಸ್ತೂರೆವ್ವ ಅಲ್ಲಿಗೆ ಬಿಡಲಿಲ್ಲ. “ಯಮನೂರಪ್ಪನ ಕೈ ಮುರದೀರಿ. ಅದಕ್ಕ ಏನ್ ಹೇಳೇತಿ ಆ ಯಂತ್ರ?”

“ಏನೂ ಹೇಳಿಲ್ಲ.”

“ಏನೂ ಇಲ್ಲ?”

“ಕಡಲು ಬಿಟ್ಟು ಬ್ಯಾರೆ ಏನೂ ಇಲ್ಲವ್ವಾ.”

ಕಸ್ತೂರೆವ್ವ ಮತ್ತೆ ಲೇತು ಹಚ್ಚಿದಳು. ಮಾದೇವಿ ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಯಮನೂರಪ್ಪ ಮನೆಯ ಕಟ್ಟೆಯ ಮೇಲೆ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದ. ಎಡಗೈಯಿಂದ ಉಳ್ಳಾಗಡ್ಡಿ ಹೆಚ್ಚಲು ಹೋಗಿ ಬೆರಳಿಗೂ ಒಂದು ಪಟ್ಟಿ ಕಟ್ಟಿಕೊಂಡಿದ್ದ. ಅವಳನ್ನು ನೋಡಿ ಮುಖ ತಿರುಗಿಸಿದ.

“ಕ್ಷಮಾ ಕೇಳಾಕ ಬಂದಿದ್ರ ಹೋಗು. ಕ್ಷಮಾದಿಂದ ಗಿರ್ಮಿಟ್ ಆಗೂದಿಲ್ಲ.”

ಮಾದೇವಿ ಅವನ ಪಕ್ಕ ಕೂತು ಚಾಕು ತೆಗೆದುಕೊಂಡಳು. ಅವಳು ಹೆಚ್ಚಿದ ಉಳ್ಳಾಗಡ್ಡಿಯನ್ನು ಅವನು ಬಹಳ ಹೊತ್ತು ನೋಡಿದ.

“ಇದು ಉಳ್ಳಾಗಡ್ಡಿ ಹೆಚ್ಚಿದ್ದೋ ಕಟಿಗಿ ಕಡದದ್ದೋ? ಸಣ್ಣಗ ಬರಲಿ. ನಾಳೆ ಸಾಲಿ ಬಿಟ್ಟ ಮ್ಯಾಲೆ ಬಾ, ತೋರಸ್ತೀನಿ.”

ಅವಳು ಮರುದಿನವೂ ಹೋದಳು, ಅದರ ಮರುದಿನವೂ. ಯಾವ ಕೋರ್ಟೂ ಹೇಳಿರಲಿಲ್ಲ.

ಅತ್ತ ನೀಲಗಂಗಾ ಕಸ್ತೂರೆವ್ವನ ವಾದವನ್ನು ತಮ್ಮ ಇಂಗ್ಲಿಷಿನಲ್ಲಿ ಚೆಂದ ಮಾಡಿ ಸಮದರ್ಶಿಗೆ ಕಳಿಸಿದರು. ‘ಕಡಲತೀರದ ಚಿತ್ರ ಲಗತ್ತಿಸಿಲ್ಲ’ ಎಂದು ಉತ್ತರ ಬಂತು. ಕೊನೆಗೆ ಅವರು ಮೈಸೂರಿಗೆ ಫೋನು ಹಚ್ಚಿದರು.

ಮೈಸೂರಿನ ಹೊರವಲಯದಲ್ಲಿ ಸಮದರ್ಶಿ ಇದ್ದ ಕಟ್ಟಡದ ದೊಡ್ಡ ಹಾಲಿನಲ್ಲಿ ರಾಜ್ಯದ ನಕ್ಷೆ ಗೋಡೆಯ ತುಂಬ ಹರಡಿತ್ತು. ಒಂದೊಂದು ಊರಿಗೆ ಒಂದೊಂದು ದೀಪ. ಎಲ್ಲ ಹಸಿರಾಗಿದ್ದವು, ಬಯಲುಸೀಮೆಯ ನಡುವೆ ಸಂಗಮನಾಳ ಒಂದೇ ಕೆಂಪಗೆ ಮಿಣುಕುತ್ತಿತ್ತು. ಯಂತ್ರ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಚೆಲುವರಾಜು ಟಿಫಿನ್ ಡಬ್ಬಿ ಮುಚ್ಚಿಟ್ಟು ಫೋನೆತ್ತಿದ.

“ನಾನೇನ್ ಮಾಡ್ಲಿ ಹೇಳಿ ಮೇಡಂ. ಅದರೊಳಗೆ ಕೈ ಇಟ್ರೆ ನನ್ನೇ ಒಳಗೆ ಹಾಕ್ತಾರೆ.”

“ಕೈ ಇಡಬ್ಯಾಡ್ರಿ. ಹಿಂಗ್ಯಾಕ ಆತು ಅನ್ನೂದರೆ ಹೇಳ್ರಿ.”

ಚೆಲುವರಾಜು ಹೇಳಿದ. ದೇಶದಲ್ಲಿ ಇದುವರೆಗೆ ಮಕ್ಕಳಿಗೆ ಕೊಟ್ಟ ಲಕ್ಷಾಂತರ ತೀರ್ಪುಗಳನ್ನು ಸಮದರ್ಶಿ ಓದಿಕೊಂಡಿದೆ. ಹೊಸ ಪ್ರಕರಣ ಬಂದಾಗ ಅದರಂಥವೇ ಹಳೆಯವನ್ನು ಹುಡುಕಿ, ಯಾವ ಕೆಲಸ ಕೊಟ್ಟ ಮೇಲೆ ಮಕ್ಕಳು ಮತ್ತೆ ತಪ್ಪು ಮಾಡಲಿಲ್ಲ ಎಂದು ನೋಡಿ ಅದನ್ನೇ ಕೊಡುತ್ತದೆ. ಜಾತ್ರೆ ಸಮಾರಂಭಗಳಲ್ಲಿ ಕಿತಾಪತಿ ಮಾಡಿದ ಜೋಡಿಗಳಿಗೆ ಎಲ್ಲಕ್ಕಿಂತ ಚೆನ್ನಾಗಿ ನಾಟಿದ್ದು ಕರಾವಳಿಯ ಯಾವುದೋ ಊರಿನವರು ಕೊಟ್ಟ ಕಡಲತೀರದ ಕೆಲಸ.

“ಅಲ್ಲಪ್ಪಾ, ನಮ್ಮೂರಾಗ ಕಡಲಿಲ್ಲ ಅನ್ನೂದು ಅದಕ್ಕ ಗೊತ್ತಿಲ್ಲೇನು?”

“ಗೊತ್ತಿಲ್ಲ ಮೇಡಂ. ಊರ ಹೆಸರು ಕೊಟ್ರೆ, ಓಣಿ ಯಾವುದು, ಜಾತಿ ಯಾವುದು, ಅಪ್ಪ ಯಾರು ಅಂತೆಲ್ಲ ಅದು ವಾಸನೆ ಹಿಡಿದುಬಿಡತ್ತೆ. ಅದಕ್ಕೆ ಊರೇ ಮುಚ್ಚಿಟ್ಟಿದೀವಿ. ಹಾಗೆ ಮುಚ್ಚಿಡಬೇಕು ಅಂತ ಸಮಿತಿ ಮುಂದೆ ಯಾರೋ ಮ್ಯಾಜಿಸ್ಟ್ರೇಟ್ ಒಬ್ರು ಬಹಳ ಒತ್ತಿ ಹೇಳಿದ್ರಂತೆ.”

ನೀಲಗಂಗಾ ಫೋನನ್ನು ಇನ್ನೊಂದು ಕಿವಿಗೆ ಹಿಡಿದರು. “ಹೌದು, ಹೇಳಿದ್ರು,” ಎಂದರು.

“ಅದಕ್ಕೆ ಗೊತ್ತಿರೋದು ಚಿತ್ರ ಒಂದೇ ಮೇಡಂ. ನೀವು ಕಳಿಸಿದ ಚಿತ್ರ ಕಡಲತೀರ ಅಂತ ಅದಕ್ಕೆ ಅನ್ನಿಸಬೇಕು. ಆಮೇಲೆ ಸ್ವಚ್ಛ ಅಂತ ಅನ್ನಿಸಬೇಕು. ಅಷ್ಟೆ.”

ಮರುದಿನ ಅಧ್ಯಕ್ಷ ಶಿವಯೋಗಪ್ಪ ಕೋರಿ ಶಲ್ಯ ಹೊದ್ದು ಕೋರ್ಟಿಗೆ ಬಂದರು. ಜೊತೆಗೆ ಊರಿನ ಪ್ರಮುಖರ ಸಹಿ ಇದ್ದ ಮನವಿ.

“ನೀವೂ ಒಂದು ಸಹಿ ಹಾಕ್ರಿ ಮೇಡಂ. ಈ ಕಾಯ್ದೆ ಹುಚ್ಚರ ಕಾಯ್ದೆ ಅಂತ ಇದರಾಗ ಬರದೀವಿ. ನಮ್ಮೂರ ಮಕ್ಕಳಿಗೆ ಏನ್ ಶಿಕ್ಷೆ ಅನ್ನೂದನ್ನ ನಮ್ಮೂರು ಹೇಳಬೇಕು. ನಿಮ್ಮ ಅಧಿಕಾರ ನಿಮಗ ತಿರಗಿ ಬರತೈತಿ.”

“ಬಂದ ಮ್ಯಾಲೆ ನಾ ಏನ್ ಮಾಡಬೇಕ್ರಿ?”

“ನಮ್ಮ ಹುಡುಗ ಬರೇ ಕೀಲಿ ಕೊಟ್ಟಾನ. ಹಾರಿಸಿದಾಕಿ ಆ ಹುಡುಗಿ. ನೀವು ಶ್ಯಾಣೇರಿದ್ದೀರಿ.”

ಆ ಮನವಿಯಲ್ಲಿದ್ದ ಮಾತುಗಳೆಲ್ಲ ನಿಜವೇ ಆಗಿದ್ದವು. ಕಾಯ್ದೆ ಕುರುಡಾಗಿತ್ತು, ಊರಿಗೆ ಹೇಳಿಕೇಳಲು ಜಾಗವಿರಲಿಲ್ಲ. ಆದರೂ ನೀಲಗಂಗಾ ಅವರಿಗೆ ಕುರಿಗಾರರ ಹುಡುಗನ ಬಾಯಿಮುಚ್ಚಿದ ಮುಖ ಕಣ್ಣಮುಂದೆ ಬಂತು. ಸಹಿ ಹಾಕಿದರೆ ಈ ಸಲ ಪಾಲನಾಗೃಹಕ್ಕೆ ಹೋಗುವವಳು ಮಾದೇವಿ. ಅವರು ಮನವಿಯನ್ನು ಮೇಜಿನ ಆಚೆಗೆ ಸರಿಸಿದರು.

“ಬ್ಯಾಡ್ರಿ ಅಧ್ಯಕ್ಷರ. ಯಂತ್ರ ಇಬ್ಬರಿಗೂ ಒಂದ ಹೇಳೇತಿ. ಇಬ್ಬರೂ ಮಾಡತಾರ.”

“ಎಲ್ಲಿ ಮಾಡತಾರ? ಕಡಲು ಎಲ್ಲೈತಿ?”

“ಹುಡುಕ್ತೀನ್ರಿ,” ಎಂದರು ನೀಲಗಂಗಾ.

ಹುಡುಕುವುದಕ್ಕೆ ಬಹಳ ದೂರ ಹೋಗಬೇಕಾಗಿರಲಿಲ್ಲ. ಊರಿನ ಉತ್ತರಕ್ಕೆ ಅಣೆಕಟ್ಟಿನ ಹಿನ್ನೀರು ಇತ್ತು. ಆಚೆ ದಡ ಕಾಣದಷ್ಟು ನೀರು. ಅದರ ದಂಡೆಗೆ ಎಮ್ಮೆ ಮೈತೊಳೆಯುವವರನ್ನು ಬಿಟ್ಟರೆ ಯಾರೂ ಹೋಗುತ್ತಿರಲಿಲ್ಲ. ದಾದಾಪೀರ ಮಾಸ್ತರರು ಮಕ್ಕಳಿಬ್ಬರನ್ನೂ ಕರೆದುಕೊಂಡು ಹೋಗಿ ಮೊದಲ ಚಿತ್ರ ತೆಗೆದರು. ‘ಇದು ಕೆರೆ’ ಎಂದಿತು ಸಮದರ್ಶಿ.

“ಉಸುಕು ಇಲ್ಲ, ಅದಕ್ಕ,” ಎಂದಳು ಮಾದೇವಿ.

ದಂಡೆಯಲ್ಲಿದ್ದದ್ದು ಕರಿಮಣ್ಣು. ದಾದಾಪೀರರು ಹೈಸ್ಕೂಲಿಗೆ ಹೋಗಿ ತಾವು ಇಪ್ಪತ್ತು ವರ್ಷ ಕಾಪಾಡಿಕೊಂಡು ಬಂದಿದ್ದ ಲಾಂಗ್ ಜಂಪಿನ ಗುಂಡಿಯ ಉಸುಕನ್ನೆಲ್ಲ ಟ್ರ್ಯಾಕ್ಟರಿನಲ್ಲಿ ತುಂಬಿಸಿ ತಂದರು. ಅದನ್ನು ದಂಡೆಯ ಮೇಲೆ ಹರಡಿಸಿ ಕುಂಟೆ ಎಳೆಸಿ ಸಪಾಟು ಮಾಡಿಸಿದರು. ‘ಇದು ಕಟ್ಟಡ ಕಾಮಗಾರಿ’ ಎಂದಿತು ಯಂತ್ರ.

ಗಾಳಿ ಬೀಸಿ ಅಲೆ ಏಳುವ ದಿನಕ್ಕೆ ಕಾದು ಮತ್ತೊಂದು ಚಿತ್ರ ತೆಗೆದರು. ಯಂತ್ರ ‘ಪ್ರವಾಹ, ಜನರನ್ನು ಸ್ಥಳಾಂತರಿಸಿ’ ಎಂದಿತು; ನಿಯಮದಂತೆ ಮೈಸೂರಿನ ಕಚೇರಿ ತಹಶೀಲ್ದಾರರಿಗೂ ಒಂದು ಪ್ರತಿ ಕಳಿಸಿತು. ಅವರ ಆಫೀಸಿನಿಂದ ಎರಡು ಜೀಪು, ಒಂದು ಆಂಬುಲೆನ್ಸು ಬಂದವು. ಬಂದವರು ತಣ್ಣಗಿನ ಗಾಳಿಗೆ ಅಲ್ಲೇ ಕೂತು ಊಟ ಮುಗಿಸಿ ಹೋದರು.

“ಇಲ್ಲೇ ಒಂದು ತೆಂಗಿನ ಗಿಡದ ಚಿತ್ರ ಮೊಬೈಲಿನ್ಯಾಗ ಅಂಟಿಸಿಬಿಡೂಣ್ರಿ,” ಎಂದ ಅಭಿಲಾಷ. “ನನಗ ಬರತೈತಿ.”

“ಸುಳ್ಳು ಚಿತ್ರ ನನ್ನ ಕೋರ್ಟಿನಿಂದ ಹೋಗೂದಿಲ್ಲ,” ಎಂದರು ದಂಡೆ ನೋಡಲು ಬಂದಿದ್ದ ನೀಲಗಂಗಾ. “ಇದ್ದದ್ದನ್ನ ಇದ್ದ ಹಂಗ ತೆಗೀರಿ. ಅದಕ್ಕ ಏನ್ ಅನಸ್ತದೋ ಅನಸಲಿ.”

ಇಷ್ಟರಲ್ಲಿ ಊರಿಗೆ ಸುದ್ದಿ ಹಬ್ಬಿತ್ತು. ಅಧ್ಯಕ್ಷರ ಮಗ ಉಸುಕಿನಲ್ಲಿ ಕಸ ಆರಿಸುತ್ತಾನಂತೆ ಎಂದು ಒಂದು ಸಂಜೆ ಹತ್ತಾರು ಜನ ನೋಡಲು ಬಂದರು. ಮುಂದಿನ ವಾರ ಅರ್ಧ ಊರೇ ಬಂತು. ಜನ ಬಂದ ಮೇಲೆ ಬಲೂನಿನವನು ಬಂದ, ಕುಲ್ಫಿಯವನು ಬಂದ, ಲಗ್ನದ ಕುದುರೆಯವನು ಕುದುರೆ ತಂದು ಹುಡುಗರನ್ನು ಕೂರಿಸಿ ತಿರುಗಿಸತೊಡಗಿದ. ಯಮನೂರಪ್ಪ ಗಾಡಿ ತಂದು ನಿಲ್ಲಿಸಿದ; ಮಿರ್ಚಿ ಕರಿಯುವುದು ಅವನ ಹೆಂಡತಿ, ಬಿಡುವಾದಾಗ ಉಳ್ಳಾಗಡ್ಡಿ ಹೆಚ್ಚುವುದು ಮಾದೇವಿ, ಇಬ್ಬರನ್ನೂ ಬೈಯುವುದು ಅವನು. ಹೆಂಗಸರು ಸೀರೆ ಮೊಣಕಾಲಿಗೆ ಎತ್ತಿಕೊಂಡು ನೀರಿಗಿಳಿದು ಅಲೆ ಬಂದಾಗ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು.

ಆ ಸಂಜೆಯ ಚಿತ್ರವನ್ನು ದಾದಾಪೀರರು ಸುಮ್ಮನೆ ರೂಢಿಗೆಂದು ಕಳಿಸಿದರು. ಮೈಸೂರಿನ ಹಾಲಿನಲ್ಲಿ ಸಂಗಮನಾಳದ ದೀಪ ಕೆಂಪಿನಿಂದ ಹಳದಿಗೆ ತಿರುಗಿತು.

ಚೆಲುವರಾಜು ತಾನಾಗಿ ಫೋನು ಮಾಡಿದ. “ಮೇಡಂ, ಒಪ್ಪಿಕೊಂಡುಬಿಡ್ತು. ಕಡಲತೀರ ಅಂತೆ. ನೀರು, ಉಸುಕು ಅದಕ್ಕೆ ಮುಖ್ಯಾನೇ ಅಲ್ಲ ನೋಡಿ. ಅದು ಕಲಿತ ಚಿತ್ರಗಳಲ್ಲೆಲ್ಲ ಕುದುರೆ, ಬಲೂನು, ತಿಂಡಿ ಗಾಡಿ, ಸೀರೆ ಎತ್ತಿ ನಿಂತ ಹೆಂಗಸರು ಇದ್ರಲ್ಲ, ಅದನ್ನೇ ಕಡಲು ಅನ್ಕೊಂಡಿದೆ.”

“ಭಾಳ ಛಲೋ ಆತು. ಇನ್ನ ಸ್ವಚ್ಛ ಅನ್ನಿಸಿದ್ರ ಮುಗೀತಲ್ಲ?”

“ಅಲ್ಲೇ ತೊಂದರೆ ಮೇಡಂ. ಎಂಥಾ ಕೊಳಕು ಕಡಲತೀರ ಅಂತಿದೆ.”

ನಿಜವೇ ಆಗಿತ್ತು. ಹಿನ್ನೀರಿನ ದಂಡೆಯಲ್ಲಿ ಮೊದಲು ಕಸವೇ ಇರಲಿಲ್ಲ. ಶಿಕ್ಷೆ ನೋಡಲು ಬಂದವರು ಗಿರ್ಮಿಟ್ಟಿನ ಕಾಗದ, ಕುಲ್ಫಿ ಕಡ್ಡಿ, ನೀರಿನ ಬಾಟಲಿ, ಕಡಲೆ ಸಿಪ್ಪೆಗಳನ್ನು ಕೂತಲ್ಲೇ ಬಿಟ್ಟು ಏಳುತ್ತಿದ್ದರು. ಮಾದೇವಿ, ಅಭಿಲಾಷ ಒಂದು ಕಡೆಯಿಂದ ಆರಿಸಿಕೊಂಡು ಹೋದರೆ ಹಿಂದಿನಿಂದ ಮತ್ತೆ ಬೀಳುತ್ತಿತ್ತು. ಕೆಲವರು ‘ಇಲ್ಲೊಂದು ಉಳದೈತಿ ನೋಡು’ ಎಂದು ಕೂತಲ್ಲಿಂದಲೇ ಕೈ ಮಾಡಿ ತೋರಿಸುತ್ತಿದ್ದರು. ಮೊದಮೊದಲು ಎರಡು ಬೆರಳಿನಿಂದ ಮೂಗು ಮುಚ್ಚಿಕೊಂಡು ಕಸ ಎತ್ತುತ್ತಿದ್ದ ಅಭಿಲಾಷ ಈಗ ಎರಡೂ ಕೈಯಲ್ಲಿ ಬಾಚುತ್ತಿದ್ದ. ಬಾಚಿ ಸುಸ್ತಾಗಿ ಜನರ ಮೇಲೆ ಸಿಟ್ಟಾಗುವಷ್ಟು ಮುಂದುವರಿದಿದ್ದ.

ಜನ ಹೋದ ಮೇಲೆ, ಬೆಳಗ್ಗೆ, ದಂಡೆ ಪೂರ್ತಿ ಗುಡಿಸಿ ಚಿತ್ರ ಕಳಿಸಿ ನೋಡಿದರು. ‘ಸ್ವಚ್ಛವಾಗಿದೆ, ಆದರೆ ಇದು ಕಟ್ಟಡ ಕಾಮಗಾರಿ’ ಎಂದಿತು ಸಮದರ್ಶಿ. ಜನರಿದ್ದರೆ ಕಡಲು, ಆದರೆ ಕೊಳಕು. ಜನರಿಲ್ಲದಿದ್ದರೆ ಸ್ವಚ್ಛ, ಆದರೆ ಕಡಲಲ್ಲ.

ದಸರಾ ಮುಗಿಯಿತು. ದೀಪಾವಳಿ ಹತ್ತಿರ ಬಂತು. ಪಾಲನಾಗೃಹದವರು ಫೋನು ಮಾಡಿ ಇಬ್ಬರಿಗೆ ಹಾಸಿಗೆ ಹಾಸಿಟ್ಟಿದ್ದೇವೆ ಎಂದು ತಿಳಿಸಿದರು. ಒಂದು ಮಧ್ಯಾಹ್ನ ಮಾದೇವಿ ಉಳ್ಳಾಗಡ್ಡಿ ಹೆಚ್ಚುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. ಯಮನೂರಪ್ಪ ನೋಡಿ, ಅದು ಉಳ್ಳಾಗಡ್ಡಿಯ ನೀರಲ್ಲ ಎಂದು ಕಂಡುಕೊಂಡ.

“ಪೈಲಟ್ ಕೋರ್ಸಿಗೆ ಈ ವರ್ಷ ಅರ್ಜಿ ಹಾಕಬೇಕಿತ್ತು ಕಾಕಾ. ಒಳಗ ಹಾಕಿದ್ರ ಅದೆಲ್ಲ ಮುಗೀತು,” ಎಂದಳು.

ಯಮನೂರಪ್ಪ ಗಾಡಿಯನ್ನು ಹೆಂಡತಿಗೆ ಒಪ್ಪಿಸಿ ನೆಟ್ಟಗೆ ಕೋರ್ಟಿಗೆ ಹೋದ. ಪ್ಲಾಸ್ಟರಿನ ಕೈಯನ್ನು ಮೇಜಿನ ಮೇಲಿಟ್ಟು ಕೂತ.

“ಮೇಡಂ, ಕೈ ಮುರದದ್ದು ನಂದು. ನನ್ನ ಒಬ್ಬರೂ ಏನೂ ಕೇಳಲಿಲ್ಲ. ಆ ಹುಡುಗಿ ಅವತ್ತಿನಿಂದ ದಿನಾ ಬಂದು ದುಡದಾಳ. ಉಳ್ಳಾಗಡ್ಡಿ ಈಗ ಚೆಂದ ಹೆಚ್ಚತಾಳ. ನನಗ ಸಾಕು. ಬಿಟ್ಟುಬಿಡ್ರಿ.”

“ನನ್ನ ಕೈಯಾಗ ಇಲ್ಲಪ್ಪಾ,” ಎಂದರು ನೀಲಗಂಗಾ. “ಹದಿನೆಂಟರೊಳಗಿನವರು ಯಾರೂ ನನ್ನ ಕೈಯಾಗ ಇಲ್ಲ.”

ಹಾಗೆಂದವರು ತಮ್ಮ ಮಾತನ್ನೇ ಮತ್ತೊಮ್ಮೆ ಕೇಳಿಸಿಕೊಂಡರು. ಏಕರೂಪ ಕಾಯ್ದೆ ಮಕ್ಕಳದು. ಹದಿನೆಂಟು ದಾಟಿದವರ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಅವರ ಸಣ್ಣಪುಟ್ಟ ತಪ್ಪುಗಳನ್ನು ವಿಚಾರಿಸುವ ಅಧಿಕಾರ ಎಂದಿನಂತೆ ಊರಿನ ಮ್ಯಾಜಿಸ್ಟ್ರೇಟರಲ್ಲೇ ಇತ್ತು.

ದೀಪಾವಳಿಗೆ ಮುಂಚಿನ ಕೊನೆಯ ರವಿವಾರ ಹಿನ್ನೀರಿನ ದಂಡೆಯ ಮೇಲೆ ಒಂದು ಮೇಜು, ಒಂದು ಕುರ್ಚಿ, ಒಂದು ದೊಡ್ಡ ಕೊಡೆ ಬಂದು ಕೂತವು. ‘ಸಂಚಾರಿ ನ್ಯಾಯಾಲಯ’ ಎಂದು ಬೋರ್ಡು ಹಾಕಲಾಯಿತು. ಜನ ಇದೂ ಒಂದು ಆಟವೆಂದು ತಿಳಿದು ಇನ್ನೂ ಹೆಚ್ಚಾಗಿ ಸೇರಿದರು. ಮೊದಲು ಸಿಕ್ಕಿಬಿದ್ದವರು ಬ್ಯಾಂಕಿನ ಮ್ಯಾನೇಜರರು. ಅವರು ಬಾಟಲಿ ಬಿಸಾಡಿದ ಕೂಡಲೇ ದಾದಾಪೀರರು ಸೀಟಿ ಊದಿದರು.

“ಸಾರ್ವಜನಿಕ ಜಾಗಾದಾಗ ಕಸ ಹಾಕೀರಿ. ಒಪ್ಪತೀರಿ?” ಎಂದು ಕೇಳಿದರು ನೀಲಗಂಗಾ.

“ಎಲ್ಲಾರೂ ಹಾಕತಾರ್ರಿ ಮೇಡಂ.”

“ಎಲ್ಲಾರೂ ಬರತಾರ. ನೀವು ಮೊದಲ ಬಂದೀರಿ. ನಿಮ್ಮ ಸುತ್ತಲಿನ ಕಸ ಪೂರ್ತಿ ತೆಗೀಬೇಕು. ಆ ಹುಡುಗಿ ನೋಡಿ ಹೂಂ ಅಂದ ಮ್ಯಾಲೆ ಮನಿಗೆ ಹೋಗ್ರಿ.”

ಮ್ಯಾನೇಜರರು ಬಗ್ಗಿದರು. ಆಮೇಲೆ ಇಬ್ಬರು ಟೀಚರು, ಒಬ್ಬ ಕಂಡಕ್ಟರು, ಹಾಗೂ ತಾನು ವಕೀಲನೆಂದು ವಾದಿಸಿದ ಒಬ್ಬ ವಕೀಲ ಬಗ್ಗಿದರು. ಅಷ್ಟರಲ್ಲಿ ಅಧ್ಯಕ್ಷ ಶಿವಯೋಗಪ್ಪನವರು ಮಗನ ಸ್ಥಿತಿ ನೋಡಲು ಬಿಳಿ ಬಟ್ಟೆಯಲ್ಲಿ ಬಂದು, ಒಂದು ಪ್ಲೇಟು ಮಿರ್ಚಿ ತಿಂದು, ಎಣ್ಣೆ ಕಾಗದವನ್ನು ಮುದ್ದೆ ಮಾಡಿ ಹಿಂದಕ್ಕೆ ಎಸೆದರು. ಅದು ಅಭಿಲಾಷ ಆಗಷ್ಟೇ ಗುಡಿಸಿ ಮುಗಿಸಿದ ಜಾಗದಲ್ಲಿ ಬಿತ್ತು.

ಅಭಿಲಾಷ ಬಂದು ಅಪ್ಪನ ಎದುರು ನಿಂತ. “ಅಪ್ಪಾ, ಎತ್ತು.”

“ನೀನ ಎತ್ತಲೇ. ನಿನಗ ಅದ ಕೆಲಸ ಕೊಟ್ಟಾರಲ್ಲ.”

“ನಾ ಇಲ್ಲಿ ಎರಡು ತಿಂಗಳಿಂದ ಬಗ್ಗೇನಿ. ನಿನ್ನಂಥವರು ಹಾಕಿದ್ದನ್ನ ಎತ್ತೂದರಾಗ ನನ್ನ ಬೆನ್ನು ಹೋತು. ಮಾಸ್ತರ, ಸೀಟಿ ಊದ್ರಿ.”

ದಾದಾಪೀರರು ಊದಿದರು. ನೀಲಗಂಗಾ ಅಧ್ಯಕ್ಷರಿಗೂ ಮ್ಯಾನೇಜರರಿಗೆ ಹೇಳಿದ್ದನ್ನೇ ಹೇಳಿದರು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಧ್ಯಕ್ಷರು ಸುತ್ತ ನೋಡಿದರು. ನೂರಾರು ಮೊಬೈಲುಗಳು ಅವರ ಕಡೆ ತಿರುಗಿದ್ದವು. ಅವರು ರಾಜಕೀಯದಲ್ಲಿ ಹಣ್ಣಾದವರು. ಶಲ್ಯ ಸೊಂಟಕ್ಕೆ ಕಟ್ಟಿ, ಕ್ಯಾಮರಾಗಳಿಗೆ ಚೆನ್ನಾಗಿ ಕಾಣುವ ಹಾಗೆ ನಿಂತು ಕಸ ಎತ್ತತೊಡಗಿದರು. ಸ್ವಲ್ಪ ಹೊತ್ತಿನಲ್ಲಿ ‘ಬರ್ರಿ, ಎಲ್ಲಾರೂ ಕೈ ಹಚ್ಚರಿ’ ಎಂದು ಕೂಗಲೂ ಶುರುಮಾಡಿದರು. ಅಧ್ಯಕ್ಷರೇ ಬಗ್ಗಿದ ಮೇಲೆ ಕೂತವರಿಗೆ ಕೂರಲು ನಾಚಿಕೆಯಾಯಿತು.

ಸೂರ್ಯ ಇಳಿಯುವಾಗ ದಂಡೆ ತುಂಬ ಜನರಿದ್ದರು, ಕುದುರೆ ಇತ್ತು, ಬಲೂನು ಇತ್ತು, ಮಿರ್ಚಿಯ ಹೊಗೆ ಇತ್ತು. ಉಸುಕಿನ ಮೇಲೆ ಒಂದು ಚೂರು ಕಾಗದವಿರಲಿಲ್ಲ. ಮಾದೇವಿ ಡ್ರೋನು ಹಾರಿಸಿ ಮೇಲಿನಿಂದ ಚಿತ್ರ ತೆಗೆದಳು. ಈ ಸಲ ಪರವಾನಗಿ ಪಡೆದು. ಎಲ್ಲರೂ ದಾದಾಪೀರರ ಮೊಬೈಲಿನ ಸುತ್ತ ಮುತ್ತಿಕೊಂಡರು.

‘ಕಡಲತೀರ. ಸ್ವಚ್ಛ. ಪ್ರಕರಣ ಮುಕ್ತಾಯ.’

ಕಸ್ತೂರೆವ್ವ ಮಗಳ ತಲೆ ಸವರಿದಳು. ಅಭಿಲಾಷ ಉಸುಕಿನ ಮೇಲೆ ಅಂಗಾತ ಮಲಗಿಬಿಟ್ಟ. ಯಮನೂರಪ್ಪ, “ಮುಗೀತಂತ ನಾಳೆ ತಪ್ಪಸಬ್ಯಾಡ. ಪ್ಲಾಸ್ಟರ್ ಇನ್ನೂ ಐತಿ,” ಎಂದ. ಮಾದೇವಿ ತಪ್ಪಿಸಲಿಲ್ಲ.

ಚಳಿಗಾಲದ ಅಧಿವೇಶನ ಬೆಳಗಾವಿಯಲ್ಲಿ ನಡೆದಾಗ ಕಾಯ್ದೆಯ ತಿದ್ದುಪಡಿಗೆಂದು ಕೂತ ಸಮಿತಿ ನೀಲಗಂಗಾ ಅವರನ್ನು ಕರೆಸಿತು. ಚೆಲುವರಾಜುವೂ ಮೈಸೂರಿನಿಂದ ಬಂದಿದ್ದ. ಸಮದರ್ಶಿಯ ಲೆಕ್ಕದಲ್ಲಿ ಸಂಗಮನಾಳದ ಕಡಲತೀರ ಆ ವರ್ಷದ ಅತ್ಯಂತ ಯಶಸ್ವಿ ಶಿಕ್ಷೆಯಾಗಿತ್ತು. ಸಮಿತಿಯ ಅಧ್ಯಕ್ಷರು ಕೇಳಿದರು: “ಹೋದ ಸಲ ಬಂದು ಅಧಿಕಾರ ತೆಗೀರಿ ಅಂದ್ರಿ. ಈಗ ತಿರಗಿ ಕೊಡ್ರಿ ಅಂತೀರೇನು?”

“ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮಿ ಮಾಡೂ ಅಧಿಕಾರ ನನಗ ಬ್ಯಾಡ್ರಿ. ಅದು ಊರಾಗ ಇದ್ರ ಏನಾಗತದ ನೋಡೀನಿ,” ಎಂದರು ನೀಲಗಂಗಾ. “ಇಬ್ಬರಿಗೂ ಒಂದ ಇರಲಿ. ಆದ್ರ ಆ ಒಂದು ಯಾವುದು ಅನ್ನೂದಕ್ಕ ಮೊದಲು ಪೆಟ್ಟು ತಿಂದವರನ್ನ ಒಂದು ಮಾತು ಕೇಳ್ರಿ. ಆ ಮನಶ್ಯಾನ್ನ ಯಾರೂ ಕೇಳಲಿಲ್ಲ.”

“ಕೇಳಿದ್ರ ಏನಂತಿದ್ದ?”

“ಉಳ್ಳಾಗಡ್ಡಿ ಹೆಚ್ಚಾಕ ಒಬ್ಬರು ಬೇಕು ಅಂತಿದ್ದ. ಆ ಹುಡುಗಿ ತಿದ್ದಿಕೊಂಡದ್ದು ಕಡಲಿನಿಂದ ಅಲ್ಲರಿ, ಅದರಿಂದ. ಅದು ನಿಮ್ಮ ಯಂತ್ರಕ್ಕ ಗೊತ್ತ ಇಲ್ಲ.”

ಸಮಿತಿಯವರು ನಕ್ಕರು, ಆದರೆ ಚೆಲುವರಾಜು ನಗದೆ ಬರೆದುಕೊಂಡ. ಪೆಟ್ಟು ತಿಂದವರ ಮಾತನ್ನು ಕೇಳಿಸಿಕೊಳ್ಳುವುದನ್ನು ಅವನು ಯಂತ್ರಕ್ಕೆ ಕಲಿಸಿದ. ಅದನ್ನು ಜಾರಿಗೆ ತರಲು ಸಮಿತಿ ಒಪ್ಪಿತು. ಊರಿಗೆ ಬರುವ ಬಸ್ಸಿನಲ್ಲಿ ನೀಲಗಂಗಾ ಬಹಳ ದಿನಗಳ ಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದರು.

ಕಡಲಿನ ವಿಷಯವನ್ನೂ ಸಮಿತಿ ಮರೆತಿರಲಿಲ್ಲ. ಒಳನಾಡಿನ ಊರುಗಳ ತೊಂದರೆಯನ್ನು ಶಾಶ್ವತವಾಗಿ ಪರಿಹರಿಸಲು ಸರ್ಕಾರ ರಾಜ್ಯಪತ್ರದಲ್ಲಿ ಒಂದು ಅಧಿಸೂಚನೆ ಹೊರಡಿಸಿತು: ‘ಈ ಕಾಯ್ದೆಯ ಉದ್ದೇಶಗಳಿಗಾಗಿ, ಸಂಗಮನಾಳದ ಹಿನ್ನೀರನ್ನು, ಅದು ನಿಂತಿರುವಷ್ಟು ದೂರ, ಕಡಲು ಎಂದು ಭಾವಿಸತಕ್ಕದ್ದು.’

ಅಧಿಸೂಚನೆ ಬಂದ ವಾರದಲ್ಲೇ ಪಕ್ಕದ ತಾಲೂಕಿನ ಮ್ಯಾಜಿಸ್ಟ್ರೇಟರು ನೀಲಗಂಗಾ ಅವರಿಗೆ ಫೋನು ಮಾಡಿದರು. ಅವರ ದನಿ ಸಣ್ಣದಾಗಿತ್ತು.

“ಮೇಡಂ, ನಮ್ಮಲ್ಲೂ ಮೂರು ಹುಡುಗರಿಗೆ ಕಡಲತೀರ ಬಂದೈತಿ. ತಾಲೂಕು ಬಿಟ್ಟು ಹೊರಗ ಕಳಸೂಹಂಗಿಲ್ಲ. ನಿಮ್ಮ ಕಡಲು ನಮ್ಮ ಗಡಿ ತನಕ ಏನರೆ ಬರತೈತೇನ್ರಿ?”

ನೀಲಗಂಗಾ ಎದ್ದು ಕಿಟಕಿಯ ಬಳಿ ಹೋದರು. ದೂರದಲ್ಲಿ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಅವರು ಸ್ವಲ್ಪ ಹೊತ್ತು ಅಳತೆ ಮಾಡುವವರಂತೆ ನೋಡಿದರು.

“ಈಗಿಲ್ಲರಿ,” ಎಂದರು. “ಆದ್ರ ಈ ಸಲ ಮಳಿ ಛಲೋ ಆದ್ರ ಬರತೈತಿ.”